ನನ್ನ ಕೈಬರಹದ ವಾಗ್ದಾನ

ಹಗರಿಬೊಮ್ಮನಹಳ್ಳಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ಬೆಳಿಗ್ಗೆ ಎಲ್ಲರೂ ತಟ್ಟೆಯಿಂದ ಒಂದೊಂದು ಚೀಟಿ ಎತ್ತುತ್ತಾರೆ. ಅದರಲ್ಲಿ ಸತ್ಯವೇದದ ಒಂದು ವಚನ ಇರುತ್ತದೆ; ಆ ವರ್ಷಕ್ಕೆ ದೇವರು ಕೊಟ್ಟ ವಾಗ್ದಾನ ಅದು. ಚೀಟಿ ಬರೆಯುವವಳು ನಾನು. ನಮ್ಮ ವಂಶದಲ್ಲೇ ಮೊದಲು ಬಿ.ಎ. ಮುಗಿಸಿದವಳು. ಆಮೇಲೆ ಅಂಚೆಯಲ್ಲಿ ಪಾಠ ತರಿಸಿಕೊಂಡು ದೇವಶಾಸ್ತ್ರದ ಡಿಪ್ಲೊಮಾ ಮಾಡಿದೆ. ಎಲ್ಲವೂ ಕೂಲಿಗೆ ಹೋಗುತ್ತಲೇ ಓದಿದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ವರ್ಷ ಅವ್ವನಿಗೆ, ದೇವರು ಗುಣಪಡಿಸುತ್ತಾನೆ ಎಂಬ ಅರ್ಥದ ವಚನ ಬಂತು. ಅವಳ ಗರ್ಭಕೋಶದಲ್ಲಿ ಗಡ್ಡೆ ಇತ್ತು. ರಕ್ತ ಹೋಗಿ ಹೋಗಿ ಮುಖ ಬಿಳಿಚಿತ್ತು. ತಡ ಮಾಡಿದರೆ ಜೀವಕ್ಕೆ ಕಷ್ಟ ಎಂದು ದಾವಣಗೆರೆಯ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಿದ್ದರು. ಚೀಟಿ ಓದಿಸಿಕೊಂಡ ಅವ್ವ, "ನಾ ಬರಂಗಿಲ್ಲ. ದೇವ್ರು ಹೇಳ್ಯಾನ," ಅಂದಳು.

ಮೈಲಾರ ಜಾತ್ರೆಯ ಕಾರಣಿಕದ ದೈವನುಡಿ ಕೇಳಿ ಬೆಳೆದವಳು ಅವಳು. ಗೊರವಯ್ಯ ಬಿಲ್ಲೇರಿ ನುಡಿದ ಒಂದೇ ಮಾತಿನಲ್ಲಿ ಇಡೀ ವರ್ಷದ ಮಳೆ ಬೆಳೆ ಕಂಡುಕೊಳ್ಳುವ ಮನೆಯವಳು. ದೇವರನ್ನು ಬದಲಿಸಿದರೂ ಕೇಳುವ ರೀತಿ ಬದಲಾಗಿರಲಿಲ್ಲ.

ದಿನಾ ಕೆಲಸದಿಂದ ಬಂದು ವಾದ ಮಾಡಿದೆ.

"ಯವ್ವಾ, ಆ ಚೀಟಿ ಬರೆದಾಕಿ ನಾನು. ಇದ ಅಡಿಗಿ ಮನ್ಯಾಗ ಕುಂತು ಬರೆದೀನಿ."

"ಬರೆದಾಕಿ ನೀನು. ನನ್ ಕೈಗೆ ಕೊಟ್ಟಾತ ಆತ."

ಡಿಪ್ಲೊಮಾದಲ್ಲಿ ನಾನು ಓದಿದ್ದೂ ಇದನ್ನೇ. ದೇವರು ಸೃಷ್ಟಿಯ ಮೂಲಕ ಎಲ್ಲರಿಗೂ ತನ್ನನ್ನು ತೋರಿಸಿಕೊಳ್ಳುತ್ತಾನೆ. ಸತ್ಯವೇದದಲ್ಲಿ, ಕೊನೆಗೆ ಕ್ರಿಸ್ತನಲ್ಲಿ ಬಿಚ್ಚಿ ಹೇಳುತ್ತಾನೆ. ಬರೆದ ಕೈ ಮನುಷ್ಯರದು, ಮಾತು ದೇವರದು. ಪರೀಕ್ಷೆಯಲ್ಲಿ ನಾನು ಐದು ಪುಟ ಬರೆದದ್ದನ್ನು ಹೆಬ್ಬೆಟ್ಟಿನ ಅವ್ವ ಒಂದೇ ಸಾಲಿನಲ್ಲಿ ಹೇಳಿದ್ದಳು.

ಆಸ್ಪತ್ರೆಗೆ ಹೋಗು ಎಂದು ಹೇಳುವ ಇನ್ನೊಂದು ಚೀಟಿ ಬರೆದು, ದೇವರೇ ಕೊಟ್ಟ ಎನ್ನೋಣವೆಂದು ಪೆನ್ನು ತೆಗೆದೆ. ಆಗಲಿಲ್ಲ. ಅವಳಿಗೆ ಮೋಸ ಮಾಡಲಿಕ್ಕೆ ಅಷ್ಟು ಓದಬೇಕಾಗಿರಲಿಲ್ಲ.

ಆಪರೇಷನ್‌ಗೆ ಎರಡು ದಿನ ಉಳಿದಾಗ ವಾದ ಬಿಟ್ಟು, ಸತ್ಯವೇದ ತೆಗೆದು ಒಂದು ಕಥೆ ಓದಿದೆ. ಒಬ್ಬ ಅರಸನಿಗೆ ಸಾಯುವಂಥ ಹುಣ್ಣೆದ್ದಿತ್ತು. ಗುಣವಾಗುತ್ತೀ ಎಂದು ದೇವರು ಪ್ರವಾದಿಯ ಬಾಯಿಂದ ಹೇಳಿಸಿದ. ಅದೇ ಪ್ರವಾದಿ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ.

ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ದೇವ್ರು ಹೇಳಿದ ಮ್ಯಾಲೂ ಔಷಧ ಬೇಕಾತಾ?"

"ಬೇಕಾತು. ಒಂದ ಸಾಲು ಹಿಡ್ಕೊಂಡು ಕುಂದ್ರಬಾರ್ದು ಯವ್ವಾ, ಮುಂದಿಂದೂ ಓದಬೇಕು."

"ನಾ ಎಲ್ಲಿ ಓದ್ಲಿ? ಓದಾಕಿ ನೀನು. ಇಷ್ಟ್ ದಿನ ಬಾಯಿ ಮಾಡಿದಿ, ಇದನ್ನ ಮೊದ್ಲ ಓದಾಕ ಏನಾಗಿತ್ತು ನಿನಗ?"

ಸಮಾಧಾನದ ಸಾಲುಗಳನ್ನಷ್ಟೇ ಆರಿಸಿ, ಕತ್ತರಿಸಿ ಚೀಟಿ ಮಾಡಿದವಳು ನಾನೇ.

ಮರುದಿನ ಅವಳು ಎರಡು ಸೀರೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಹರಪನಹಳ್ಳಿ ಬರುವ ಮೊದಲೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಗೆದ್ದ ಖುಷಿ ಏನೂ ಆಗಲಿಲ್ಲ, ದಣಿವಾಗಿತ್ತು. ತಲೆ ಜಾರದಂತೆ ಹೆಗಲು ಬಿಗಿ ಹಿಡಿದು ದಾವಣಗೆರೆಯವರೆಗೂ ಕುಳಿತೆ.