ಮುಚ್ಚಳದ ಒಳಗಿನ ಕೆಂಪು ಚುಕ್ಕೆ

ಗಿರಗಿಟ್ಲೆ ಮಿಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ ಅವನು. ಚಹಾ ಕುಡಿಯುವಾಗಲೂ ಲೋಟ ಹಿಡಿದು ಶೆಡ್ಡಿನೊಳಗೆ ಮೂರು ಸುತ್ತು ಹಾಕುತ್ತಾನೆ. ಅಂಥವನೂ ಎಂಜಿನ್ನಿಗೆ ಟೈಮಿಂಗ್ ಚೈನು ಕೂರಿಸುವಾಗ ಮಾತ್ರ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಇವತ್ತು ಅದೂ ಆಗಲಿಲ್ಲ.

ಬಿಚ್ಚಿಟ್ಟಿದ್ದು ಹೆಂಡತಿಯದೇ ವ್ಯಾನು. ಹನ್ನೊಂದು ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವಳು ಅವಳು. ನಾಳೆ ಬೆಳಿಗ್ಗೆ ಏಳಕ್ಕೆ ಗಾಡಿ ಹೊರಡಬೇಕು. ಅದರ ಎಂಜಿನ್ನಿಗೆ ಎರಡು ಚೈನು. ಕೆಳಗಿನದು ಕ್ರ್ಯಾಂಕಿನ ಹಲ್ಲುಚಕ್ರದಿಂದ ನಡುವಿನ ಚಕ್ರಕ್ಕೆ, ಮೇಲಿನದು ಅಲ್ಲಿಂದ ವಾಲ್ವುಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಗಳಿಗೆ. ಬಣ್ಣದ ಕೊಂಡಿಗಳನ್ನು ಚಕ್ರದ ಗುರುತುಗಳಿಗೆ ಹೊಂದಿಸಿದ, ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಪಿನ್ನು ಎಳೆದ, ಕ್ರ್ಯಾಂಕಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿದ. ಚಕ್ರದ ಗುರುತುಗಳು ಮರಳಿ ತಮ್ಮ ಜಾಗಕ್ಕೆ ಬಂದು ನಿಂತವು. ಬಣ್ಣದ ಕೊಂಡಿಗಳು ಮಾತ್ರ ಎಲ್ಲೆಲ್ಲೋ ಹೋಗಿದ್ದವು. ಅವು ಹೋಗುವುದೇ ಹಾಗೆ, ಮತ್ತೆ ಗುರುತಿಗೆ ಸೇರಲು ಎಷ್ಟೋ ಸುತ್ತು ಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಎಲ್ಲ ಬಿಚ್ಚಿ ಮತ್ತೆ ಕೂರಿಸಿದ. ಬೆಳಗಿನಿಂದ ಇದು ಮೂರನೇ ಸಲ.

ಆ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಒಂದು ಕಟ್ಟಳೆ ಇತ್ತು. ಚೈನು ಕೂರಿಸಿದವನೇ ಮುಚ್ಚಳ ಹಾಕುವಂತಿಲ್ಲ. ಇನ್ನೊಬ್ಬ ಬಂದು ತಿರುಗಿಸಿ ನೋಡಿ, ಮುಚ್ಚಳದ ಒಳಮೈಗೆ ಒಂದು ಕೆಂಪು ಚುಕ್ಕೆ ಇಡಬೇಕು, ಆಮೇಲೇ ಬೋಲ್ಟು. ಆ ಇನ್ನೊಬ್ಬ ಅವನ ಭಾವ, ಹೆಂಡತಿಯ ಅಣ್ಣ. ಐದು ತಿಂಗಳ ಹಿಂದೆ ಭಾವ ಊಟಕ್ಕೆ ಹೋಗಿದ್ದಾಗ ಈ ಮಹಾಶಯನಿಗೆ ಅರ್ಧ ಗಂಟೆ ಕಾಯಲು ಆಗಲಿಲ್ಲ. ತಿರುಗಿಸಿಯೂ ನೋಡದೆ ತಾನೇ ಮುಚ್ಚಿಬಿಟ್ಟ. ಚೈನು ಚಕ್ರದ ಎರಡು ಹಲ್ಲು ತಪ್ಪಿ ಕೂತಿತ್ತು. ಸ್ಟಾರ್ಟ್ ಮಾಡಿದ್ದೇ ತಡ, ಪಿಸ್ಟನ್ನು ಬಡಿದು ವಾಲ್ವುಗಳು ಸೊಟ್ಟಗಾದವು, ಚೈನಿನ ಹೊಡೆತಕ್ಕೆ ಮುಚ್ಚಳವೂ ಸೀಳಿತು. ಗಾಡಿಯವನು ಕೆಂಡವಾಗಿ ನಿಂತಾಗ ಮಿಸ್ತ್ರಿಯ ಬಾಯಿಗೆ ಬಂದದ್ದು, "ನಮ್ಮ ಭಾವ ನೋಡಿದ್ರು." ಅದೇ ಸುಳ್ಳು ಸಂಜೆ ಮನೆಗೂ ಬಂತು.

ಭಾವ ತುಟಿಪಿಟಕ್ಕೆನ್ನಲಿಲ್ಲ. ಹಾಳಾದ ಎಂಜಿನ್ನನ್ನು ತಾನೇ ಬಿಚ್ಚಿ ಸರಿಮಾಡಿಕೊಟ್ಟ, ತನ್ನ ಸಾಮಾನಿನ ಪೆಟ್ಟಿಗೆಯನ್ನು ಶೆಡ್ಡಿನ ಆ ತುದಿಗೆ ಒಯ್ದ. ಗಂಡನ ಹೆಸರು ಕೆಡಿಸಿದನೆಂದು ತಂಗಿ ಅವನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಅಂದಿನಿಂದ ಮಿಸ್ತ್ರಿ, ಭಾವ ಇಬ್ಬರೂ ಚೈನಿನ ಕೆಲಸ ಮುಟ್ಟದೆ ಬ್ರೇಕು, ಕ್ಲಚ್ಚು ಎಂದು ದಿನ ದೂಡುತ್ತಿದ್ದರು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಾಗ ಮಿಸ್ತ್ರಿ ಮುಚ್ಚಳ ಹಿಡಿದು ನಿಂತಿದ್ದ.

"ಅದನ್ನ ಹಾಕೋದು ಬಿಟ್ಟು ಏನ್ರೀ ಯೋಚನೆ?"

"ಇನ್ನೊಬ್ರು ನೋಡ್ಬೇಕು."

"ನೋಡಿದವರ ಚಂದ ಕಂಡಾಯ್ತಲ್ಲ. ನೀವೇ ಮುಚ್ಚಿ. ನಂಗೆ ನಿಮ್ಮ ಕೈ ಮೇಲೆ ನಂಬಿಕೆ ಇದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ನಂಬಿಕೆ ಎಂಬ ಮಾತಿಗೆ ನಾಚಿಕೆಯಾಯಿತು. ಮುಚ್ಚಳ ಕೆಳಗಿಟ್ಟ, ಎತ್ತಿಕೊಂಡ, ಕೈ ಒರೆಸಿದ, ಮತ್ತೆ ಕೆಳಗಿಟ್ಟ. ಕೊನೆಗೆ ಶೆಡ್ಡಿನ ಆ ತುದಿಗೆ ನಡೆದ.

"ಭಾವ, ಒಂದ್ಸಲ ತಿರುಗಿಸಿ ನೋಡ್ತೀರಾ?"

ಭಾವ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದ. ತಂಗಿ ಮುಖ ತಿರುಗಿಸಿದಳು. ಅವನು ನಿಧಾನವಾಗಿ ಎರಡು ಸುತ್ತು ತಿರುಗಿಸಿ, ಗುರುತುಗಳ ಮೇಲೆ ಬೆರಳಾಡಿಸಿ, "ಸರಿ ಇದೆ," ಎಂದು ಬಣ್ಣದ ಡಬ್ಬಿಗೆ ಕೈಚಾಚಿದ.

"ತಡೀರಿ," ಎಂದ ಮಿಸ್ತ್ರಿ, ಹೆಂಡತಿಯ ಕಡೆ ತಿರುಗಿ. "ಆವತ್ತು ನಿಮ್ಮಣ್ಣ ನೋಡೇ ಇರ್ಲಿಲ್ಲ ಕಣೇ. ಮುಚ್ಚಿದ್ದು ನಾನೇ. ಸುಳ್ಳು ಹೇಳ್ದೆ."

ಅವಳು ಗಂಡನ ಕಡೆ ನೋಡಲಿಲ್ಲ.

"ಐದು ತಿಂಗಳು ನಿನ್ನ ಮನೆಗೆ ಬರ್ಲಿಲ್ಲ ನಾನು," ಎಂದಳು ಅಣ್ಣನಿಗೆ. "ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋದೇನು, ಸೀಳಿದ ಮುಚ್ಚಳ ನನ್ನ ಪೆಟ್ಟಿಗೇಲೇ ಇದೆ. ಒಳಗೆ ಚುಕ್ಕೆ ಇಲ್ಲ. ತೋರಿಸಿದ್ರೆ ಸಾಕಿತ್ತು."

"ಮತ್ಯಾಕೆ ತೋರಿಸ್ಲಿಲ್ಲ?"

"ಬೆಳಗಾದ್ರೆ ನೀನು ನೋಡ್ಬೇಕಾದ್ದು ಅವನ ಮುಖ. ನಂದಲ್ವಲ್ಲ."

ಮಿಸ್ತ್ರಿ ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕುಸಿದು ಕೂತ. ಭಾವ ಚುಕ್ಕೆ ಇಟ್ಟು ಮುಚ್ಚಳ ಕೂರಿಸಿದ. ಅವಳು ಬೋಲ್ಟುಗಳನ್ನು ಒಂದೊಂದಾಗಿ ಆರಿಸಿ ಅಣ್ಣನ ಕೈಗೆ ಕೊಡುತ್ತಾ ಹೋದಳು. ಕೊನೆಯ ಬೋಲ್ಟು ಬಿಗಿಯುವವರೆಗೂ ಗಿರಗಿಟ್ಲೆ ಕೂತಲ್ಲಿಂದ ಏಳಲಿಲ್ಲ.