ನಂಬರಿನೊಳಗಿದ್ದ ಹೆಸರು

ಹೊಸ ಲ್ಯಾಪ್‌ಟಾಪು ಇವತ್ತು ಪರದೆ ಮೇಲೆ ಸಾಫ್ಟ್‌ವೇರಿನ ಕೀ ನಂಬರು ಕೇಳಿತು. ನನಗೆ ಪಾಂಡವಪುರದ ನಮ್ಮ ಮನೆ ಮುಂದಿನ ಕೋಣೆ ನೆನಪಾಯಿತು. ಅಲ್ಲಿ ಅಪ್ಪ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ ಇಟ್ಟಿದ್ದರು.

ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರನ್ನು ಅರಕೆರೆಯ ಮೇಷ್ಟ್ರೊಬ್ಬರು ವರ್ಷಗಟ್ಟಲೆ ಕೂತು ಬರೆದಿದ್ದರು. ಫ್ಲಾಪಿ ಜೊತೆ, ಅದನ್ನು ತೆರೆಯಲು ಬೇಕಾದ ನಂಬರಿನ ಚೀಟಿ ಕೊಡುವಾಗ, "ಇದು ನಿಮ್ಮಂಗಡಿಗೆ ಮಾತ್ರ ಕಣವ್ವ" ಎಂದು ನನಗೂ ಹೇಳಿದ್ದರು.

ಗೆಳತಿ ಲತಾ ನಾಗಮಂಗಲದಲ್ಲಿದ್ದ ತನ್ನ ಮಾವನ ಅಂಗಡಿಗೆ ಅದನ್ನು ಕೇಳಿದಳು. ಮೊಸರಿಗೆ ಹೆಪ್ಪು ಕೇಳಿ ಬಂದ ಯಾರನ್ನೂ ಅಮ್ಮ ಬರಿಗೈಯಲ್ಲಿ ಕಳಿಸಿದವಳಲ್ಲ. ಇದೂ ಹಾಗೇ, ಕೊಟ್ಟರೆ ನಮ್ಮದೇನೂ ಕಡಿಮೆಯಾಗದು ಅಂದುಕೊಂಡು ಫ್ಲಾಪಿ ಕಾಪಿ ಮಾಡಿ, ನಂಬರು ಬರೆದುಕೊಟ್ಟೆ.

ತಿಂಗಳಾದ ಮೇಲೆ ಮೇಷ್ಟ್ರು ಬಂದರು. "ನಾಗಮಂಗಲದ ಒಂದಂಗಡೀಲಿ ನನ್ನ ಸಾಫ್ಟ್‌ವೇರ್ ಅದೆ. ಓಪನ್ ಮಾಡುದ್ರೆ ನಿಮ್ಮಂಗಡಿ ಎಸ್ರೇ ಬತ್ತದೆ ಕಣಣ್ಣ" ಎಂದರು. ಆ ನಂಬರಿನೊಳಗೆ ನಮ್ಮ ಹೆಸರಿರುವುದು ನನಗೆ ಗೊತ್ತಿರಲಿಲ್ಲ.

"ನಾನು ಯಾರ್ಗೂ ಕೊಟ್ಟಿಲ್ಲ ಮೇಷ್ಟ್ರೇ." ಅಪ್ಪ ಎದ್ದು ನಿಂತರು. ನಾನು ಕೀಬೋರ್ಡಿನ ಧೂಳು ಒರೆಸುತ್ತಲೇ ಇದ್ದೆ.

"ಓಗ್ಲಿ ಬುಡಿ" ಎಂದ ಮೇಷ್ಟ್ರು ಅಮ್ಮ ತಂದಿಟ್ಟ ಮಜ್ಜಿಗೆ ಮುಟ್ಟದೆ ಎದ್ದು ಹೋದರು.

"ಮೇಷ್ಟ್ರು ನನ್ನ ಕಳ್ಳ ಅಂದ್ಕಬುಟ್ರು ಕಣವ್ವ" ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು, ನನ್ನ ಹತ್ತಿರವೇ.

ಇವತ್ತು ಕೊಂಡು ತಂದ ಕೀ ಹಾಕಿದೆ. ಪರದೆ ಮೇಲೆ ನನ್ನ ಹೆಸರು ಬಂತು. ಅವತ್ತೇ, ಮೇಷ್ಟ್ರ ಮುಂದೆ, ಬರಬೇಕಿತ್ತು.