ಸತ್ತ ಸ್ಪೀಕರ್ ಮತ್ತು ಅಜ್ಜಿಯ ಮೇಕೆ

ಮೊನ್ನೆ ಬೆಳಿಗ್ಗೆ ಮಧುಗಿರಿಯಲ್ಲಿ ಮಾವನ ರೆಕಾರ್ಡಿಂಗ್ ಅಂಗಡಿಯ ಸ್ಪೀಕರ್ ತೀರಿಕೊಂಡಿದೆ ಎಂದು ಅಧಿಕೃತವಾಗಿ ಘೋಷಿಸಿದವನು ನಾನೇ.

ಎದುರಿಗೆ ಕೊರಟಗೆರೆ ಕಡೆಯ ಅಜ್ಜಿಯೊಬ್ಬರು ಅಳುತ್ತಾ ಕೂತಿದ್ದರು. ಅಳು ಸ್ಪೀಕರಿಗಲ್ಲ. ದನದ ಆಸ್ಪತ್ರೆಗೆ ತಂದಿದ್ದ ಅವರ ಮೇಕೆ ಹಗ್ಗ ಬಿಡಿಸಿಕೊಂಡು ಊರೊಳಗೆ ಓಡಿಹೋಗಿತ್ತು.

"ಗಬ್ಬದ ಮೇಕೆ ಕಣ್ಲಾ ಮಗ. ನಾಯಿಗಳ ಬಾಯಿಗೆ ಸಿಕ್ರೆ ಏನ್ಲಾ ಗತಿ? ಬಿರ್ರನೆ ಕೂಗಿಸ್ಬುಡ್ಲಾ."

ನಮ್ಮ ಕೆಲಸವೇ ಅದು. ಊರಿಗೆ ಸಾರಬೇಕಾದ್ದನ್ನು ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕುತ್ತೇವೆ, ಮೈಕ್ ಕಟ್ಟಿದ ಆಟೋ ಬೀದಿಬೀದಿಯಲ್ಲಿ ಅದನ್ನು ಕೂಗುತ್ತಾ ಹೋಗುತ್ತದೆ.

ಆದರೆ ಗಿರಾಕಿಗೆ ಒಮ್ಮೆ ಕೇಳಿಸದೆ ಮಾವ ಪೆನ್‌ಡ್ರೈವ್ ಕೊಡುವುದಿಲ್ಲ. ಹಿಂದೊಮ್ಮೆ ತಿಥಿಯ ಪ್ರಚಾರದಲ್ಲಿ ತೀರಿಕೊಂಡವರ ಬದಲು ಅವರ ಮಗನ ಹೆಸರು ಓದಿಬಿಟ್ಟಿದ್ದೆವು, ಆ ಮಗನೇ ಅಂಗಡಿಗೆ ಬಂದು ವಿಚಾರಿಸಿಕೊಂಡಿದ್ದ.

ಅಜ್ಜಿಯ ಮೇಕೆಯ ಸುದ್ದಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಪ್ಲೇ ಒತ್ತಿದೆ. ಸದ್ದಿಲ್ಲ... ಪರದೆಯ ಮೇಲೆ "ಡಿವೈಸ್ ಬ್ಯುಸಿ" ಎಂದು ಬಂತು. ಯಾರ ಜೊತೆ ಬ್ಯುಸಿ ಎಂದು ಕೇಳಲು ನನಗೆ ತೋಚಲಿಲ್ಲ.

"ಆಟೋದಲ್ಲೇ ಕೇಳ್ಸಾನ ಬುಡ್ಲಾ" ಅಂದರು ಮಾವ.

"ತಡಿ ಮಾವ, ಇದು ಟೆಕ್ನಿಕಲ್ ವಿಷ್ಯ" ಎಂದು ಕೈ ಎತ್ತಿ ತಡೆದೆ. ವೈರ್ ಎಳೆದೆ, ಸ್ಪೀಕರಿನ ಬೆನ್ನಿಗೆ ಕಿವಿಯಿಟ್ಟೆ, ಇಲಿಗಳ ಮೇಲೆ ಅನುಮಾನ ವ್ಯಕ್ತಪಡಿಸಿದೆ. ಆಮೇಲೆಯೇ ಆ ಮರಣ ಘೋಷಣೆ.

ಸರಿಯಾಗಿ ಹನ್ನೊಂದು ಗಂಟೆ. ಸತ್ತ ಸ್ಪೀಕರ್ "ಮ್ಯಾ..." ಎಂದಿತು.

"ಅಯ್ಯೋ ನನ್ ಗೌರಿ! ಇಲ್ಲೇ ಅವ್ಳೆ ಕಣಪ್ಪಾ!" ಅಜ್ಜಿ ಮೇಜಿನ ಕೆಳಗೆ ನುಗ್ಗಿದರು.

ಮಾವ ಮೇಜಿನ ಕೆಳಗೆ ನೋಡಲಿಲ್ಲ. ನನ್ನನ್ನು ನೋಡಿದರು.

ಒಪ್ಪಿಕೊಳ್ಳುತ್ತೇನೆ. ಮಾವನನ್ನು ಬೆಚ್ಚಿಬೀಳಿಸಲು ಗಂಟೆಗೊಮ್ಮೆ ಮೇಕೆ ಕೂಗುವ ಪ್ರೋಗ್ರಾಂ ಅವತ್ತು ಬೆಳಿಗ್ಗೆಯಷ್ಟೇ ಹಾಕಿದ್ದೆ. ಕೋಳಿ ಕೂಗಿಸಬಹುದಿತ್ತು. ಇಲ್ಲ, ಮೇಕೆಯೇ ಬೇಕಾಗಿತ್ತು ನನಗೆ.

ನಮ್ಮ ಕಂಪ್ಯೂಟರ್ ನಡೆಯುವುದು ಲಿನಕ್ಸ್‌ನಲ್ಲಿ. ಅದರಲ್ಲಿ ಡ್ರೈವರ್ ಎಂಬ ತಂತ್ರಾಂಶ, ಸದ್ದು ಹೊರಡಿಸುವ ಸೌಂಡ್ ಕಾರ್ಡನ್ನು ಒಂದು ಫೈಲಿನ ವೇಷದಲ್ಲಿ ನಿಲ್ಲಿಸಿರುತ್ತದೆ. ಎಣಿಕೆ ಶುರುವಾಗುವುದೇ ಸೊನ್ನೆಯಿಂದ: ಸೊನ್ನೆ ನಂಬರಿನ ಕಾರ್ಡ್, ಅದರೊಳಗೆ ಸೊನ್ನೆ ನಂಬರಿನ ಡಿವೈಸ್. ಆ ಫೈಲನ್ನು ತೆರೆದು ಬರೆದದ್ದೆಲ್ಲ ಸ್ಪೀಕರಿನಲ್ಲಿ ಸದ್ದಾಗುತ್ತದೆ.

ಸಭ್ಯ ಪ್ರೋಗ್ರಾಂಗಳು ನಡುವೆ ಕೂತ ಮಿಕ್ಸರಿಗೆ ತಮ್ಮ ಸದ್ದು ಕೊಡುತ್ತವೆ, ಅದು ಎಲ್ಲರದನ್ನೂ ಬೆರೆಸಿ ಕಾರ್ಡಿಗೆ ಕಳಿಸುತ್ತದೆ. ನಾನು ಮಹಾಪಂಡಿತ, ಮಿಕ್ಸರನ್ನು ದಾಟಿ ನೇರ ಹಾರ್ಡ್‌ವೇರಿನ ಬಾಗಿಲಿಗೇ ಹೋಗಿದ್ದೆ. ಹಾಗೆ ಒಬ್ಬ ಒಳಗೆ ಹೋದರೆ, ಅವನು ಹೊರಬರುವವರೆಗೆ ಇನ್ನೊಬ್ಬನಿಗೆ ಪ್ರವೇಶವಿಲ್ಲ.

ನನ್ನ ಮೇಕೆ ಕೂಗುವುದು ಗಂಟೆಗೊಮ್ಮೆ. ಉಳಿದ ಹೊತ್ತೆಲ್ಲ ಒಳಗೆ ಕೂತು ಕಾರ್ಡಿಗೆ ಮೌನ ಬರೆಯುತ್ತಿತ್ತು... ಬಾಗಿಲು ಹಾಕಿಕೊಂಡು.

ಅಜ್ಜಿ ಬರಿಗೈಯಲ್ಲಿ ಮೇಜಿನ ಕೆಳಗಿನಿಂದ ಎದ್ದು ಬಂದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಪ್ರೋಗ್ರಾಂ ಕಿತ್ತೆಸೆದೆ, ಅಜ್ಜಿಗೆ ರೆಕಾರ್ಡಿಂಗ್ ಕೇಳಿಸಿದೆ, ಪೆನ್‌ಡ್ರೈವ್ ಹಿಡಿದು ನಾನೇ ಆಟೋ ಹತ್ತಿದೆ. ಮೂರನೇ ಸುತ್ತಿಗೆ ತರಕಾರಿ ಮಾರ್ಕೆಟ್ಟಿನವರು ಕೈಬೀಸಿ ಕರೆದರು. ಗೌರಿ ಅಲ್ಲಿ ಕೋಸಿನ ಎಲೆ ಮೇಯುತ್ತಾ ಆರಾಮಾಗಿದ್ದಳು.

ಅವಳನ್ನು ಹಿಡಿದುಕೊಂಡು ಅಂಗಡಿಗೆ ಬಂದೆ. ಮಾವ ನಮಗೆ ಬೆನ್ನು ಹಾಕಿ ವೈರ್ ಜೋಡಿಸುತ್ತಿದ್ದಾರೆ. ಗೌರಿ ಬಾಗಿಲಲ್ಲಿ ತಲೆ ತೂರಿಸಿ "ಮ್ಯಾ..." ಅಂತಾಳೆ.

"ಲೇ, ಇನ್ನೂ ತೆಗ್ದಿಲ್ವೇನ್ಲಾ ಅದ್ನ!" ತಿರುಗಿಯೂ ನೋಡದೆ ಮಾವ ಹಿಂದಕ್ಕೆ ಬೀಸಿದ ಕೈ ನೆಟ್ಟಗೆ ನನ್ನ ತಲೆಗೇ ಬಿತ್ತು.

ಗೌರಿ ಇನ್ನೊಮ್ಮೆ "ಮ್ಯಾ" ಅಂದಳು. ನೀವೇ ಹೇಳಿ, ಅದನ್ನು ನನ್ನ ಪರವಾದ ಸಾಕ್ಷಿ ಎಂದುಕೊಳ್ಳಲೇ?